ಬಾಣ ಮಸೆದ ವರ್ಷ

ಹೋದ ತಿಂಗಳು ಉಪ್ಸಾಲಾದ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಚರ್ಮದ ಪಟ್ಟಿ ಕೈಗೆ ಸಿಕ್ಕಿತು. ಮರದ ಹಲಗೆಗೆ ಅಂಟಿಸಿದ, ಗೇಣುದ್ದದ ಪಟ್ಟಿ. ಅದರ ಮೇಲೆ ಹಸಿರು ಮೇಣದಂಥದ್ದು ಒಣಗಿ ಕೂತಿತ್ತು. ಮಾರುತ್ತಿದ್ದಾಕೆಗೆ ಅದು ಏನೆಂದು ಗೊತ್ತಿರಲಿಲ್ಲ, ಅಡುಗೆಮನೆಯದ್ದಿರಬೇಕು ಎಂದಳು. ನಾನು ಅದನ್ನು ಮೂಗಿನ ಹತ್ತಿರ ತಂದೆ. ಮೇಣ, ಚರ್ಮ, ಸ್ವಲ್ಪ ಯಂತ್ರದೆಣ್ಣೆ. ಹಿಂದೆ ನಿಂತವರು ಇವನಿಗೇನಾಯಿತು ಎಂದು ನೋಡುವಷ್ಟು ಹೊತ್ತು ಅಲ್ಲೇ ನಿಂತುಬಿಟ್ಟೆ. ಆ ವಾಸನೆಯ ಒಂದು ಕೋಣೆ ನನ್ನ ಬದುಕಿನಲ್ಲಿತ್ತು. 2006ರಲ್ಲಿ, ಒಂದು ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ.

ನಾನೂ ಸಫಿಯಾಳೂ ಆಗ ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದೆವು. ನಾನು ಹತ್ತಿರದ ಶಿಸ್ತಾ ಎಂಬ ಬಡಾವಣೆಯ ಒಂದು ಕಂಪನಿಯಲ್ಲಿ ಎಂಜಿನಿಯರ್. ಫೆಬ್ರವರಿಯಲ್ಲಿ ನಮಗೆ ಮಗಳು ಹುಟ್ಟಿದಳು, ಎರಡು ದಿನ ಬದುಕಿದಳು. ಹೃದಯ ಸರಿಯಾಗಿ ಕಟ್ಟಿಕೊಂಡಿಲ್ಲ, ಮಾಡುವುದಕ್ಕೆ ಏನೂ ಇಲ್ಲ ಎಂದು ಡಾಕ್ಟರು ಮೊದಲ ಸಂಜೆಯೇ ಹೇಳಿದ್ದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ. ದಫನದ ದಿನ ನಮ್ಮ ಕರಾವಳಿ ಕಡೆಯ ನಾಲ್ಕು ಮಂದಿ ಬಂದಿದ್ದರು. ನೆಲ ಹೆಪ್ಪುಗಟ್ಟಿತ್ತು, ಅಗೆಯಲು ಚಿಕ್ಕ ಯಂತ್ರ ತರಿಸಿದ್ದರು. ಅದರ ಬಣ್ಣ ಹಳದಿ. ಆ ದಿನದ ಬಗ್ಗೆ ಕೇಳಿದರೆ ನಾನು ಖಚಿತವಾಗಿ ಹೇಳಬಲ್ಲದ್ದು ಅದೊಂದೇ.

ಎರಡು ವಾರದಲ್ಲಿ ಅವಳ ಹೆಸರಿಗೆ ಪರ್ಸೂನ್‌ನುಮ್ಮರ್ ಬಂತು. ಈ ದೇಶದಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಎರಡು ದಿನ ಬದುಕಿದವರಿಗೂ ಉಂಟು. ಅದರ ಹಿಂದೆಯೇ ಇನ್ನೊಂದು ಕಾಗದ, ಆ ಸಂಖ್ಯೆಯವರು ತೀರಿಕೊಂಡಿದ್ದಾರೆ ಎಂದು. ನಾನು ಎರಡಕ್ಕೂ ತೂತು ಹೊಡೆದು, ತಾರೀಖಿನ ಪ್ರಕಾರ ಫೈಲಿಗೆ ಸೇರಿಸಿದೆ. ಸಫಿಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪಂಚಿಂಗ್ ಯಂತ್ರದ ಸದ್ದನ್ನು ಅವಳು ಕೊನೆಯವರೆಗೂ ಕ್ಷಮಿಸಲಾರಳು ಎಂದು ನನಗೆ ಅನಿಸಿತು. ಅನಿಸಿತು ಅಷ್ಟೆ, ಅದರಿಂದ ನನಗೆ ಏನೂ ಆಗಲಿಲ್ಲ.

ಮನಸ್ಸು ಕಲ್ಲಾಯಿತು ಎಂದು ಜನ ಹೇಳುತ್ತಾರೆ. ನನಗಾದದ್ದು ಅದಲ್ಲ. ಹಲ್ಲು ಕೀಳುವ ಮೊದಲು ಚುಚ್ಚುತ್ತಾರಲ್ಲ, ಆಮೇಲೆ ಅರ್ಧ ತುಟಿ ನಮ್ಮದೇ ಅಲ್ಲ ಎನ್ನುವಂತೆ ಇರುತ್ತದಲ್ಲ, ಹಾಗೆ. ಆಫೀಸಿಗೆ ಹೋಗುತ್ತಿದ್ದೆ, ಮೀಟಿಂಗಿನಲ್ಲಿ ಮಾತಾಡುತ್ತಿದ್ದೆ, ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತಿಗೆ ಎಲ್ಲರೊಡನೆ ಕೂತು ದಾಲ್ಚಿನ್ನಿ ಬನ್ ತಿನ್ನುತ್ತಿದ್ದೆ. ಸಫಿಯಾ ಮಾತ್ರ ಇಬ್ಬರ ಪಾಲಿನದ್ದನ್ನೂ ಒಬ್ಬಳೇ ಅತ್ತಳು. ಏಪ್ರಿಲ್‌ನಲ್ಲಿ ಅವಳು ಪುತ್ತೂರಿನ ತವರಿಗೆ ಹೊರಟಳು. ವಿಮಾನ ನಿಲ್ದಾಣದಲ್ಲಿ, ಪೆಟ್ಟಿಗೆ ತೂಕಕ್ಕೆ ಹಾಕಿ ಬಂದ ಮೇಲೆ, ನನ್ನ ಅಂಗಿಯ ಗುಂಡಿಯನ್ನು ನೋಡುತ್ತಾ ಹೇಳಿದಳು. ನಮ್ಮ ಮಾತು ಬ್ಯಾರಿ ಭಾಷೆಯದ್ದು. ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನೊಟ್ಟಿಗೆ ಒಂದು ದಿನ ಆದ್ರೂ ನೀವು ಅತ್ತಿದ್ರೆ ನಾನು ಇಲ್ಲೇ ಇರ್ತಿದ್ದೆ. ರಂಜಾನ್ ಹಬ್ಬಕ್ಕೆ ಹೇಳ್ತೇನೆ, ವಾಪಸ್ ಬರ್ತೇನೋ ಇಲ್ವೋ ಅಂತ."

ಸರಿ ಎಂದೆ. ಹಬ್ಬ ಆ ವರ್ಷ ಅಕ್ಟೋಬರ್‌ ಕೊನೆಗೆ. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಆ ಕಟ್ಟಡದಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಎಲ್ಲರಿಗೂ ಸೇರಿ ನೆಲಮಾಳಿಗೆಯಲ್ಲಿದ್ದವು. ಗೋಡೆಯ ಹಲಗೆಯಲ್ಲಿ ನಮ್ಮ ನಂಬರಿನ ಸಣ್ಣ ಬೀಗ ಸಿಕ್ಕಿಸಿ ಹೊತ್ತು ಕಾದಿರಿಸಬೇಕು. ನಮ್ಮದು ಶನಿವಾರ ಬೆಳಿಗ್ಗೆ ಹತ್ತರಿಂದ ಒಂದು. ಸಫಿಯಾ ಹೋದ ಮೇಲೂ ನಾನು ಆ ಮೂರು ಗಂಟೆ ಬಿಟ್ಟುಕೊಡಲಿಲ್ಲ. ನಾಲ್ಕು ಅಂಗಿ, ಎರಡು ಪ್ಯಾಂಟು, ಒಂದು ಟವೆಲ್ಲಿಗೆ ಎರಡು ದೊಡ್ಡ ಯಂತ್ರ. ಉಳಿದ ಬಾಡಿಗೆದಾರರು ಗೊಣಗಿ ಚೀಟಿ ಅಂಟಿಸಿದರು, ಇಂಥವರು ಮೂರು ಗಂಟೆ ಹಿಡಿದುಕೊಂಡು ಏನು ಮಾಡುತ್ತಾರೆ ಎಂದು. ಏನೂ ಮಾಡುತ್ತಿರಲಿಲ್ಲ. ಗಾಜಿನ ಬಾಗಿಲೊಳಗೆ ಬಟ್ಟೆ ತಿರುಗುವುದನ್ನು ನೋಡುತ್ತಾ ಕುಳಿತಿರುತ್ತಿದ್ದೆ.

ಆಗಸ್ಟಿನ ಒಂದು ಶನಿವಾರ ಪಕ್ಕದ ಕೋಣೆಯಿಂದ ಕಲ್ಲಿನ ಮೇಲೆ ಉಕ್ಕು ಉಜ್ಜುವ ಸದ್ದು ಬಂತು. ಆ ಸದ್ದು ನನಗೆ ಗೊತ್ತು. ನನ್ನ ತಂದೆ, ನಾವು ಉಪ್ಪ ಎನ್ನುತ್ತೇವೆ, ಉಳ್ಳಾಲದ ಪೇಟೆಯಲ್ಲಿ ಆಡಿನ ಮಾಂಸದ ಅಂಗಡಿ ಇಟ್ಟಿದ್ದರು. ಬಕ್ರೀದಿಗೆ ಸುತ್ತಲಿನ ಮನೆಗಳವರು ತಮ್ಮ ಚೂರಿಗಳನ್ನು ತಂದು ಅವರ ಮುಂದೆ ಇಡುತ್ತಿದ್ದರು. ಮಸೆಯುವುದನ್ನು ನನಗೆ ಕಲಿಸಿದ್ದು ಅವರು. ಎಂಜಿನಿಯರಿಂಗ್ ಸೀಟು ಸಿಕ್ಕ ದಿನವೇ ನಾನು ಆ ಕಲ್ಲು ಬಿಟ್ಟವನು. ಆಫೀಸಿನ ಸಹೋದ್ಯೋಗಿಗಳ ಹತ್ತಿರ ಉಪ್ಪನ ಕಸುಬನ್ನು 'ಸಣ್ಣ ವ್ಯಾಪಾರ' ಎಂದು ಹೇಳಿ ಮುಗಿಸುತ್ತಿದ್ದೆ. ಆದರೆ ಕಿವಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಒಂದೇ ಬದಿಯನ್ನು ಅತಿಯಾಗಿ ತಿಕ್ಕುತ್ತಿದ್ದಾರೆ, ಅಂಚು ಮುಗಿದು ಹೋಗಿದೆ, ಅವರಿಗೆ ತಿಳಿಯುತ್ತಿಲ್ಲ ಎಂದು ನನಗೆ ಗೋಡೆಯ ಈಚೆಯಿಂದಲೇ ಗೊತ್ತಾಯಿತು.

ಹೋಗಿ ಇಣುಕಿದೆ. ಮರಗೆಲಸದ ಮೇಜು, ಅದರ ಮುಂದೆ ಅರುವತ್ತು ದಾಟಿದ ಒಬ್ಬ ಹೆಂಗಸು, ತಲೆಯ ಮೇಲೆ ಹೊಸದಾಗಿ ಹುಟ್ಟುತ್ತಿರುವಂಥ ಗಿಡ್ಡ ಬಿಳಿ ಕೂದಲು. ಕಾಲ ಬಳಿ ಬೂದು ಬಣ್ಣದ ನಾಯಿ. ಅವರ ಕೈಯಲ್ಲಿ ಮರದ ಬಾಣ. ಅದರ ತುದಿಗೆ ಎರಡು ಬಾಯಿಯ ಚಪ್ಪಟೆ ಉಕ್ಕಿನ ಅಲಗು. ಕಲ್ಲಿನ ಮೇಲಿನ ಎಣ್ಣೆ ಕೆಂಪಾಗಿತ್ತು. ಹೆಬ್ಬೆರಳು ಸೀಳಿ ರಕ್ತ ಸುರಿಯುತ್ತಿತ್ತು, ಅವರು ಮಾತ್ರ ಉಜ್ಜುತ್ತಲೇ ಇದ್ದರು. ನಿಮ್ಮ ಕೈ ಎಂದೆ. ಅವರು ನೋಡಿಕೊಂಡರು, ಬೇರೆ ಯಾರದೋ ಕೈ ನೋಡಿದಂತೆ. ಮತ್ತೆ ಆಯಿತು ಎಂದು ಬೇಸರದಿಂದ ಬಟ್ಟೆಯ ಚೂರು ಸುತ್ತಿಕೊಂಡರು.

ಹೆಸರು ಬಿರ್ಗಿತ್. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದ ಟೀಚರು, ನಿವೃತ್ತರು. ಈ ದೇಶದ ಅರ್ಧ ಅಡುಗೆಮನೆಗಳಲ್ಲಿರುವ ವಕ್ರ ವಕ್ರ ಬೆಣ್ಣೆ ಚಮಚಗಳಿಗೆ ನಾನೇ ಹೊಣೆ ಎಂದು ಹೇಳಿಕೊಳ್ಳುತ್ತಿದ್ದರು. ಅವರಿಗೆ ಬಿಲ್ಲಿನ ಬೇಟೆ ಪ್ರಾಣ. ತುದಿಗಳಲ್ಲಿ ಗಾಲಿ ಇರುವ ಹೊಸ ಬಿಲ್ಲಲ್ಲ, ಮರದ ನೀಳ ಬಿಲ್ಲು, ಮರದ ಬಾಣ. ಸ್ವೀಡನ್ನಿನಲ್ಲಿ ಬಿಲ್ಲು ಹಿಡಿದು ಬೇಟೆ ಆಡುವಂತಿಲ್ಲ, ಕಾನೂನು ಬಿಡುವುದಿಲ್ಲ. ಡೆನ್ಮಾರ್ಕಿನಲ್ಲಿ ಪರೀಕ್ಷೆ ಪಾಸು ಮಾಡಿದವರಿಗೆ ಬಿಡುತ್ತಾರೆ. ಅವರು ಪಾಸು ಮಾಡಿದ್ದರು. ವರ್ಷಕ್ಕೊಮ್ಮೆ ಅಲ್ಲಿನ ಯೂಲಂಡ್‌ನಲ್ಲಿರುವ ಗೆಳತಿಯ ಹೊಲಕ್ಕೆ ಹೋಗಿ, ನಮ್ಮ ಆಡಿನಷ್ಟೇ ಎತ್ತರದ ಪುಟ್ಟ ಜಿಂಕೆಗಾಗಿ ವಾರವಿಡೀ ಕಾದು ಕೂರುತ್ತಿದ್ದರು. ಹೆಚ್ಚಿನ ವರ್ಷ ಬರಿಗೈಯಲ್ಲಿ ವಾಪಸು. ಅದರ ಬಗ್ಗೆ ಅವರಿಗೆ ದುಃಖವಿರಲಿಲ್ಲ.

ಹಿಂದಿನ ವರ್ಷ ಕ್ಯಾನ್ಸರ್. ಔಷಧಿ ಗಡ್ಡೆಯನ್ನು ಕರಗಿಸಿತು, ಜೊತೆಗೆ ಬೆರಳ ತುದಿಗಳ ಸ್ಪರ್ಶವನ್ನೂ ತೆಗೆದುಕೊಂಡು ಹೋಯಿತು. ಬಿಲ್ಲು ಎಳೆಯುವುದಕ್ಕೆ ತೊಂದರೆಯಿಲ್ಲ, ನಾಣಿನ ಲೆಕ್ಕವೆಲ್ಲ ಬೆನ್ನಿಗೆ ಗೊತ್ತು, ಬೆರಳಿಗೆ ಹೇಗೂ ಚರ್ಮದ ಕೈಗವಸು ಎಂದರು. ಆದರೆ ಮಸೆಯುವುದು ಹಾಗಲ್ಲ. ಅಲಗಿನ ಒಂದು ಬದಿಯನ್ನು ಉಜ್ಜುತ್ತಾ ಹೋದರೆ ಅಂಚು ತೆಳುವಾಗಿ, ಕೊನೆಗೆ ಒಂದು ಎಳೆ ಉಕ್ಕು ಆಚೆ ಬದಿಗೆ ಮಗುಚಿಕೊಳ್ಳುತ್ತದೆ. ಉಪ್ಪ ಅದನ್ನು ಕೂದಲು ಎನ್ನುತ್ತಿದ್ದರು. ಕೂದಲು ಬುಡದಿಂದ ಮೊನೆಯವರೆಗೆ ಒಂದೇ ಸಮನೆ ಎದ್ದರೆ ಆ ಬದಿ ಮುಗಿದಂತೆ. ತಿರುಗಿಸಿ ಇನ್ನೊಂದು ಬದಿ. ಕೊನೆಗೆ ಹಸಿರು ಮೇಣದ ಚರ್ಮದ ಮೇಲೆ ಎಳೆದು ಆ ಕೂದಲನ್ನು ಉದುರಿಸಬೇಕು. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಹೆಬ್ಬೆರಳನ್ನು ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸವರಿದರೆ ತಿಳಿಯುತ್ತದೆ, ಇಲ್ಲವಾದರೆ ಇಲ್ಲ.

ಬಿರ್ಗಿತ್‌ಗೆ ತಿಳಿಯುತ್ತಿರಲಿಲ್ಲ. ಅವರ ಕಷ್ಟ ಅಷ್ಟೇ, ಮತ್ತು ಅಷ್ಟೂ. ತಾವೇ ಮಸೆಯದ ಅಲಗನ್ನು ಅವರು ಬಿಲ್ಲಿಗೆ ಏರಿಸುವವರಲ್ಲ. ಮೊಂಡು ಅಲಗು ಜಿಂಕೆಯನ್ನು ಕೊಲ್ಲುವುದಿಲ್ಲ, ಓಡಿಸುತ್ತದೆ. ಅದು ಹೊಟ್ಟೆಯಲ್ಲಿ ಬಾಣ ಹೊತ್ತುಕೊಂಡು ಎರಡು ದಿನ ಎಲ್ಲೋ ನರಳಿ ಸಾಯುತ್ತದೆ. ಅಕ್ಟೋಬರಿನೊಳಗೆ ಆರು ಬಾಣ ಸರಿಯಾಗದಿದ್ದರೆ ಬಿಲ್ಲನ್ನು ಗೋಡೆಗೆ ತೂಗಿಹಾಕುತ್ತೇನೆ, ಮುಗಿಯಿತು ಎಂದರು. ಅದು ಬೆದರಿಕೆಯಲ್ಲ, ತೀರ್ಮಾನ.

ಹೀಗೆ ನಮ್ಮ ಒಪ್ಪಂದವಾಯಿತು. ಉಜ್ಜುವುದು ಅವರು, ಮುಟ್ಟುವುದು ನಾನು. ನಾನು ಮಸೆಯಲು ಕೈ ಚಾಚಿದರೆ ಅವರು ಕೊಡುತ್ತಿರಲಿಲ್ಲ. ಇಪ್ಪತ್ತು ಸಲ ಎಳೆದು ಬಾಣವನ್ನು ನನ್ನ ಕಡೆಗೆ ತಿರುಗಿಸುತ್ತಿದ್ದರು. ನಾನು ಹೆಬ್ಬೆರಳು ಸವರಿ ಹೇಳುತ್ತಿದ್ದೆ: ಬುಡದಲ್ಲಿ ಎದ್ದಿದೆ, ನಡುವೆ ಇಲ್ಲ. ಮತ್ತೆ ಹತ್ತು. ಮೊನೆಯ ಹತ್ತಿರ ಇನ್ನೂ ಸ್ವಲ್ಪ. ಮತ್ತೆ ಐದು. ಒಬ್ಬ ಮನುಷ್ಯ ಮಾಡುವ ಕೆಲಸವನ್ನು ಇಬ್ಬರು ಹಂಚಿಕೊಂಡು ಮಾಡಿದರೆ ಆಗುವಷ್ಟು ತಡ ಆಗುತ್ತಿತ್ತು. ಸ್ವೀಡಿಷಿನಲ್ಲಿ ಎಲ್ಲರೂ ಎಲ್ಲರಿಗೂ ನೀನು ಎನ್ನುತ್ತಾರೆ. ನಾನೂ ಬಾಯಲ್ಲಿ ಹಾಗೆಯೇ ಅನ್ನುತ್ತಿದ್ದೆ, ಆದರೆ ಆ ವಯಸ್ಸಿನ ಟೀಚರನ್ನು ಮನಸ್ಸಿನೊಳಗೆ ಏಕವಚನಕ್ಕೆ ಇಳಿಸಲು ನನ್ನಿಂದ ಆಗಲೇ ಇಲ್ಲ.

ಮೊದಲ ವಾರವೇ ಒಂದು ಎಡವಟ್ಟು ಮಾಡಿದೆ. ಅವರ ನಾಯಿ ಸಿಕ್ಸ್ಟೆನ್ ಮೇಜಿನ ಕೆಳಗೆ ಮಲಗಿ ಬಾಣವನ್ನೇ ನೋಡುತ್ತಿತ್ತು. ನನಗೆ ಕೈ ಏಳಲಿಲ್ಲ. ನಾಯಿಯನ್ನು ಹೊರಗೆ ಬಿಡಬಹುದೇ ಎಂದು ಕೇಳಿದೆ. ಬಿರ್ಗಿತ್ ಮುಖ ಗಂಟಾಯಿತು. ನಾಯಿಯನ್ನು ಮೇಲೆ ಮನೆಗೆ ಬಿಟ್ಟು ಬಂದರು. ಮುಂದಿನ ಶನಿವಾರ ಅದು ಬರಲಿಲ್ಲ, ಅದರ ಮುಂದಿನ ಶನಿವಾರವೂ ಇಲ್ಲ. ಮೂರನೆಯ ವಾರ ಅವರೇ ಬಾಯಿಬಿಟ್ಟರು. ಮುಸ್ಲಿಮರಿಗೆ ನಾಯಿ ಆಗದು ಎಂದು ಪೇಪರಿನಲ್ಲಿ ಓದಿದ್ದೇನೆ, ಗೌರವಿಸುತ್ತೇನೆ, ಆದರೆ ಮುದಿ ನಾಯಿ, ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ, ಪಕ್ಕದ ಮನೆಯವರು ದೂರು ಕೊಟ್ಟಿದ್ದಾರೆ ಎಂದರು.

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ತೊಂದರೆ ನಾಯಿಯದಲ್ಲ, ಕಲ್ಲಿನದು ಎಂದು ವಿವರಿಸಿದೆ. ಪ್ರಾಣಿಯ ಕಣ್ಣೆದುರು ಚೂರಿ ಮಸೆಯಬಾರದು. ಅದು ನಮ್ಮಲ್ಲಿ ಕಟ್ಟುನಿಟ್ಟು. ಉಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಸೆಯುತ್ತಿದ್ದರು. ಬೀದಿಯ ಬೆಕ್ಕು ಬಂದರೂ ಕೈ ನಿಲ್ಲಿಸುತ್ತಿದ್ದರು. ಕೊಯ್ಯುವ ಪ್ರಾಣಿಗೆ ಮಾತ್ರ ಆ ನಿಯಮ, ನಾಯಿ ಬೆಕ್ಕಿಗೆ ಇಲ್ಲ ಎಂದು ಬುದ್ಧಿಗೆ ಗೊತ್ತು, ಆದರೆ ಕೈಗೆ ಅದೇ ಅಭ್ಯಾಸ. ಬಿರ್ಗಿತ್ ಮೊದಲು ನಕ್ಕರು. ಆಮೇಲೆ ಎದ್ದು ಹೋಗಿ ನಾಯಿಯನ್ನು ಕರೆತಂದು, ನನ್ನ ಬಟ್ಟೆ ತಿರುಗುತ್ತಿದ್ದ ಕೋಣೆಯಲ್ಲಿ ಯಂತ್ರದ ಮುಂದೆ ಕೂರಿಸಿ, ನಡುವಿನ ಬಾಗಿಲು ಎಳೆದುಕೊಂಡರು. ಆ ದಿನದಿಂದ ನನ್ನ ಅಂಗಿಗಳನ್ನು ಸಿಕ್ಸ್ಟೆನ್ ಕಾಯುತ್ತಿತ್ತು.

ಭಾನುವಾರಗಳಲ್ಲಿ ನಾನು ಫೋನ್ ಕಾರ್ಡಿನ ಅಂಕಿಗಳನ್ನು ಒತ್ತಿ ಪುತ್ತೂರಿಗೆ ಮಾತಾಡುತ್ತಿದ್ದೆ. ಮಳೆ ಉಂಟಾ ಎಂದು ಕೇಳುತ್ತಿದ್ದೆ. ಉಂಟು ಎನ್ನುತ್ತಿದ್ದಳು. ಏನು ಅಡುಗೆ ಎಂದು ಅವಳು. ಅನ್ನ, ಮೊಟ್ಟೆ ಎಂದು ನಾನು. ಬಾಣದ ವಿಷಯ ಹೇಳಿರಲಿಲ್ಲ. ಅವಳು ಅಲ್ಲಿ ಹಾಗಿರುವಾಗ ನಾನು ಇಲ್ಲಿ ಯಾರದೋ ಬಾಣಕ್ಕೆ ಬೆರಳು ಕೊಡುತ್ತಿದ್ದೇನೆ ಎಂದು ಹೇಗೆ ಹೇಳುವುದು. ಸೆಪ್ಟೆಂಬರಿನ ಒಂದು ಭಾನುವಾರ ಅವಳು, ತವರಿನ ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸ ಖಾಲಿ ಉಂಟಂತೆ, ಅರ್ಜಿ ಹಾಕಿದ್ದೇನೆ ಎಂದಳು. ಒಳ್ಳೆಯದು ಎಂದೆ. ಅವಳು ಸ್ವಲ್ಪ ಹೊತ್ತು ಕಾದಳು. ನಾನು ಇನ್ನೊಮ್ಮೆ ಒಳ್ಳೆಯದು ಎಂದೆ.

ಮುಂದಿನ ಶನಿವಾರ ನಾಲ್ಕನೆಯ ಬಾಣ. ಬಿರ್ಗಿತ್ ಉಜ್ಜಿದರು, ತಿರುಗಿಸಿದರು. ನಾನು ಎದ್ದಿದೆ ಎಂದೆ. ಇನ್ನೊಂದು ಬದಿಗೂ ಎದ್ದಿದೆ ಎಂದೆ. ಅವರು ಚರ್ಮಕ್ಕೆ ಎಳೆದು ಮುಗಿಸಿ, ಪರೀಕ್ಷೆಗೆಂದು ಮರದ ಪೆಟ್ಟಿಗೆಗೆ ಬಿಗಿದಿದ್ದ ರಬ್ಬರ್ ಬ್ಯಾಂಡಿಗೆ ಅಲಗನ್ನು ತಾಗಿಸಿದರು. ಸರಿಯಾದ ಅಲಗು ತಾಗಿದ ಕೂಡಲೇ ರಬ್ಬರ್ ಎರಡಾಗಿ ಹಾರಬೇಕು. ಇದು ರಬ್ಬರನ್ನು ತಳ್ಳಿಕೊಂಡು ಹೋಯಿತು, ಜಗ್ಗಿತು, ಕತ್ತರಿಸಲಿಲ್ಲ. ಬಿರ್ಗಿತ್ ಬಾಣವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ನೀನು ಮುಟ್ಟಲೇ ಇಲ್ಲ. ಮುಟ್ಟದೆ ಹೌದು ಅಂದೆ. ನಾನು ನಂಬಿ ಬಿಟ್ಟಿದ್ದರೆ ಆ ಪ್ರಾಣಿ ಏನು ಮಾಡಬೇಕಿತ್ತು?"

ನಿಜ. ಬೆರಳು ಅಲಗಿನ ಮೇಲೆ ಹೋಗಿತ್ತು, ನಾನು ಅಲ್ಲಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಉಪ್ಪ ಇದ್ದಿದ್ದರೆ ಚೂರಿ ಕಸಿದುಕೊಂಡು ಅಂಗಡಿಯಿಂದ ಹೊರಗೆ ಕಳಿಸುತ್ತಿದ್ದರು. ಏಳು ತಿಂಗಳಲ್ಲಿ ನನಗಾದ ಮೊದಲ ಅನುಭವ ಅದು, ನಾಚಿಕೆ. ದುಃಖ ಮೊದಲು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ನಾಚಿಕೆ. ಏನೇ ಆಗಲಿ, ಅದು ನನ್ನದಾಗಿತ್ತು.

ಆಗ ಅವರಿಗೆ ಹೇಳಿದೆ. ಫೆಬ್ರವರಿ, ಎರಡು ದಿನ, ಹೃದಯ, ಹೆಂಡತಿ ಊರಿಗೆ ಹೋಗಿದ್ದಾಳೆ, ಹಬ್ಬಕ್ಕೆ ತೀರ್ಮಾನ ಹೇಳುತ್ತಾಳೆ, ಬರಲಿಕ್ಕಿಲ್ಲ. ಕಚೇರಿಯ ಕೌಂಟರಿನಲ್ಲಿ ವಿವರ ಕೊಟ್ಟ ಹಾಗೆ ಹೇಳಿದೆ. ಬಿರ್ಗಿತ್ ಅಯ್ಯೋ ಎನ್ನಲಿಲ್ಲ, ನನ್ನ ಕೈ ಹಿಡಿಯಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಮಗುವಿಗೆ ಹೆಸರಿಟ್ಟಿದ್ದಿರಾ ಎಂದು ಕೇಳಿದರು. ಮರಿಯಮ್ ಎಂದೆ. ಆಸ್ಪತ್ರೆಯ ಫಾರಂನಲ್ಲಿ ಬರೆದ ಮೇಲೆ ಆ ಹೆಸರನ್ನು ನಾನು ಬಾಯಿಂದ ಹೇಳಿದ್ದು ಅದೇ ಮೊದಲು. ಅವರೂ ಒಮ್ಮೆ ಮರಿಯಮ್ ಎಂದರು, ಉಚ್ಚಾರ ಸರಿಯೇ ಎಂದು ಕೇಳುವವರಂತೆ. ನಂತರ ನಾಲ್ಕನೆಯ ಬಾಣವನ್ನು ಮತ್ತೆ ಕಲ್ಲಿಗೆ ಹಿಡಿದರು. ಅರ ಹಾಕಿ ಮೊದಲಿನಿಂದ ಶುರು ಮಾಡಿದೆವು. ಆ ಒಂದು ಬಾಣಕ್ಕೆ ಎರಡು ಶನಿವಾರ ಹಿಡಿಯಿತು.

ಅಷ್ಟರಲ್ಲಿ ಉಪವಾಸ ಶುರುವಾಯಿತು. ಬಿರ್ಗಿತ್ ನನ್ನೆದುರು ಕಾಫಿ ಕುಡಿಯುವುದನ್ನು ನಿಲ್ಲಿಸಿದರು. ಕುಡಿಯಿರಿ ಎಂದರೂ ಕೇಳಲಿಲ್ಲ. ಹೊರಗೆ ಬರ್ಚ್ ಮರಗಳು ಹಳದಿಯಾಗಿ, ಒಂದು ಗಾಳಿಗೆ ಅರ್ಧ ಖಾಲಿಯಾದವು. ಅಕ್ಟೋಬರ್ ಮೊದಲ ವಾರದಲ್ಲಿ ಆರನೆಯ ಬಾಣ ಮುಗಿಯಿತು. ಆರೂ ಅಲಗನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಹೊಸ ರಬ್ಬರ್ ಕಟ್ಟಿದರು. ಆರೂ ಹಾರಿದವು. ನಾನು ಉಪ್ಪನ ಪರೀಕ್ಷೆಯನ್ನೂ ಮಾಡಿದೆ, ಹೆಬ್ಬೆರಳಿನ ಉಗುರಿನ ಮೇಲೆ ಅಂಚನ್ನು ಭಾರ ಬಿಡದೆ ಇಟ್ಟು ನೋಡುವುದು. ಜಾರಿದರೆ ಮತ್ತೆ ಕಲ್ಲಿಗೆ. ಒಂದೂ ಜಾರಲಿಲ್ಲ.

ಡೆನ್ಮಾರ್ಕಿಗೆ ಹೊರಡುವ ಮುಂಚೆ ಅವರು ಒಂದು ಪ್ರಶ್ನೆ ಕೇಳಿದರು. ಅಕಸ್ಮಾತ್ ಸಿಕ್ಕಿದರೆ ಮಾಂಸದಲ್ಲಿ ನಿನಗೂ ಪಾಲಿದೆ, ಆದರೆ ನೀನು ತಿನ್ನಬಹುದೇ? ಬಾಣದ ಬೇಟೆಗೆ ನಮ್ಮಲ್ಲಿ ನಿಯಮವಿದೆ, ಬಾಣ ಬಿಡುವಾಗ ದೇವರ ಹೆಸರು ಹೇಳಿರಬೇಕು, ಅಲಗಿನ ಹರಿತದಿಂದ ಸತ್ತಿರಬೇಕು, ಪೆಟ್ಟಿನಿಂದ ಅಲ್ಲ ಎಂದೆ. ಎರಡನೆಯದು ಆಗಿದೆ, ಮೊದಲನೆಯದನ್ನು ಹೇಳಿಕೊಡು ಎಂದರು. ಚರ್ಚಿಗೆ ಹೋಗುವುದನ್ನು ಬಿಟ್ಟು ಮೂವತ್ತು ವರ್ಷವಾಯಿತು, ಆದರೂ ಒಂದೆರಡು ಮಾತು ಹೇಳಲು ತನಗೆ ಕಷ್ಟವಿಲ್ಲ ಎಂದರು. ಬಿಸ್ಮಿಲ್ಲಾಹ್ ಎಂದು ಹೇಳಿಕೊಟ್ಟೆ. ಅವರು ಅದನ್ನು ಕಾಗದದ ಟೇಪಿನ ಮೇಲೆ ಸ್ವೀಡಿಷ್ ಅಕ್ಷರದಲ್ಲಿ ಬರೆದು ಬಿಲ್ಲಿನ ಒಳಮೈಗೆ ಅಂಟಿಸಿದರು, ಗುರಿ ಹಿಡಿಯುವಾಗ ಕಣ್ಣಿಗೆ ಬೀಳುವಂತೆ. ಮಕ್ಕಳಿಗೆ ಮೇಜಿನ ಮೇಲೆ ಮಗ್ಗಿ ಅಂಟಿಸುವ ಟೀಚರೇ ಸರಿ.

ಹಬ್ಬಕ್ಕೆ ಮೂರು ದಿನ ಇರುವಾಗ ವಾಪಸು ಬಂದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ನಾನು ಬಟ್ಟೆ ಹಾಕಿ ಮುಗಿಸುವುದರೊಳಗೆ ಬಾಗಿಲಲ್ಲಿ ಸಿಕ್ಸ್ಟೆನ್, ಅದರ ಹಿಂದೆ ಬಿರ್ಗಿತ್, ಕೈಯಲ್ಲಿ ಬಿಳಿ ಕಾಗದದ ಪೊಟ್ಟಣ. ಸ್ಟೂಲಿನ ಮೇಲೆ ಕೂತು ನಡೆದದ್ದನ್ನು ಹೇಳಿದರು. ಐದು ಸಂಜೆ ಏನೂ ಇಲ್ಲ. ಆರನೆಯ ಸಂಜೆ, ಬೇಲಿಯ ಮರೆಯಲ್ಲಿ ಕುಳಿತಿದ್ದಾಗ, ಒಂದು ಗಂಡು ಜಿಂಕೆ ಹೊಲದ ಅಂಚಿಗೆ ಬಂದು ಹದಿನೈದು ಹೆಜ್ಜೆ ದೂರದಲ್ಲಿ ಮೇಯಲು ನಿಂತಿತು. ಅವರು ಟೇಪನ್ನು ಓದಿಕೊಂಡರು, ಬಿಟ್ಟರು. ಬಾಣ ಪಕ್ಕೆಯ ಮೂಲಕ ದಾಟಿ ಆಚೆಯ ಮಣ್ಣಿನಲ್ಲಿ ನಾಟಿತು. ಜಿಂಕೆ ಒಮ್ಮೆ ಎಗರಿತು, ನೊಣ ಕಚ್ಚಿದರೆ ಎಗರುವಷ್ಟು. ಸುತ್ತ ನೋಡಿತು. ತಲೆ ತಗ್ಗಿಸಿ ಮತ್ತೆ ಹುಲ್ಲು ತಿಂದಿತು. ತಪ್ಪಿಹೋಯಿತು ಎಂದೇ ಅಂದುಕೊಂಡೆ ಎಂದರು ಬಿರ್ಗಿತ್. ಆಮೇಲೆ ಅದು ನಾಲ್ಕು ಹೆಜ್ಜೆ ಇಟ್ಟಿತು, ಮುಂಗಾಲು ಮಡಚಿತು, ಮಲಗುವಂತೆ ಮಲಗಿತು. ನಲವತ್ತು ವರ್ಷದಲ್ಲಿ ಇಂಥದ್ದನ್ನು ಕೇಳಿದ್ದೆ, ನೋಡಿದ್ದು ಇದೇ ಮೊದಲು ಎಂದರು. ತನಗೆ ಏನಾಯಿತೆಂದು ಅದಕ್ಕೆ ಗೊತ್ತೇ ಆಗಲಿಲ್ಲ. ಅಷ್ಟು ಹೇಳಿ ಪೊಟ್ಟಣವನ್ನು ನನ್ನ ತೊಡೆಯ ಮೇಲೆ ಇಟ್ಟರು. ನಾಲ್ಕನೆಯ ಬಾಣ ಎಂದರು.

ಹಬ್ಬದ ದಿನ ರಜೆ ಹಾಕಿದ್ದೆ. ಬೆಳಿಗ್ಗೆ ನಮಾಜು ಮುಗಿಸಿ ಬಂದು ಆ ಮಾಂಸಕ್ಕೆ ಕೊತ್ತಂಬರಿ, ಕರಿಮೆಣಸು ಅರೆದು ಹಾಕಿ ಬೇಯಿಸಿದೆ. ಚರ್ಚು ಬಿಟ್ಟ ಹೆಂಗಸಿನ ಬಿಸ್ಮಿಲ್ಲಾಹ್ ಸಲ್ಲುತ್ತದೋ ಇಲ್ಲವೋ ಎಂಬ ಚರ್ಚೆಯನ್ನು ತಿಳಿದವರಿಗೆ ಬಿಟ್ಟೆ. ಒಲೆ ಸಣ್ಣಗೆ ಮಾಡಿ ಪುತ್ತೂರಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಸಫಿಯಾ ಬಾಗಿಲು ಹಾಕಿಕೊಂಡಿರಬೇಕು, ಸದ್ದು ನಿಂತಿತು. ಈದ್ ಮುಬಾರಕ್ ಎಂದೆವು. ಅವಳು ತೀರ್ಮಾನ ಹೇಳಲು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಶಾಲೆಯ ಕೆಲಸ ಸಿಕ್ಕಿದೆ ಎಂದಳು. ನಾನು ಮತ್ತೆ ಒಳ್ಳೆಯದು ಎನ್ನಬೇಕಿತ್ತು. ಅದರ ಬದಲು, ಏನು ಅಡುಗೆ ಎಂದು ಅವಳು ಕೇಳದಿದ್ದರೂ, ಜಿಂಕೆ ಮಾಂಸ ಎಂದೆ.

ನಾನು ಹೇಳುತ್ತಾ ಹೋದೆ. ಬಿರ್ಗಿತ್, ಸತ್ತ ಬೆರಳುಗಳು, ಆರು ಬಾಣ, ಹೊರಗೆ ಕಳಿಸಿದ ನಾಯಿ. ನಾಲ್ಕನೆಯ ಬಾಣಕ್ಕೆ ಮುಟ್ಟದೆ ಹೌದು ಎಂದದ್ದನ್ನೂ, ಮರಿಯಮ್ ಎಂದು ಬಾಯಿಬಿಟ್ಟು ಹೇಳಿದ್ದನ್ನೂ ಹೇಳಿದೆ. ಕೊನೆಗೆ, ಬಾಣ ತಾಗಿಯೂ ಮೇಯ್ದು ಆಮೇಲೆ ಬಿದ್ದ ಜಿಂಕೆಯ ಸಂಗತಿ. ಹೇಳಲು ಬೇರೆ ಏನೂ ಇರಲಿಲ್ಲ, ಮಾತು ನಿಲ್ಲಿಸಿದರೆ ಅವಳು ತೀರ್ಮಾನ ಹೇಳುತ್ತಾಳೆ ಎಂದು ಗೊತ್ತಿತ್ತು.

"ಬಾಣ ಆಚೆ ಬದಿಯಿಂದ ಹೊರಗೆ ಹೋಗಿತ್ತಾ?" ಎಂದು ಕೇಳಿದಳು.

ಹೋಗಿತ್ತು ಎಂದೆ.

"ಆದ್ರೂ ಹುಲ್ಲು ತಿಂತಾ ಇತ್ತಾ?"

ತಿಂತಾ ಇತ್ತು ಎಂದೆ.

ಕಾರ್ಡಿನ ನಿಮಿಷ ಮುಗಿಯುತ್ತಾ ಬಂತೆಂದು ಹೇಳುವ ಇಂಗ್ಲಿಷ್ ಹೆಂಗಸು ನಡುವೆ ಬಂದು ಹೋದಳು. ಸಫಿಯಾ ಅಳುತ್ತಿದ್ದಾಳೆ ಎಂದು ಉಸಿರಿನಿಂದ ತಿಳಿಯಿತು. ಅವಳ ಅಳು ನನಗೆ ಅಭ್ಯಾಸ. ಆದರೆ ಇದು ಫೆಬ್ರವರಿಯದ್ದಲ್ಲ, ನನ್ನ ಕಡೆಗೆ ತಿರುಗಿ ಅಳುವಂತಿತ್ತು.

"ನೀವು ಇನ್ನೂ ಬಿದ್ದಿಲ್ಲ, ಅಲ್ವಾ?"

ಅವಳು ಏನು ಕೇಳುತ್ತಿದ್ದಾಳೆ ಎಂದು ಹೊಳೆಯಲು ನನಗೆ ಒಂದು ಕ್ಷಣ ಬೇಕಾಯಿತು. ಒಲೆಯ ಮೇಲಿನ ಪಾತ್ರೆಯನ್ನು ನೋಡಿದೆ, ನನ್ನ ಕೈ ನೋಡಿಕೊಂಡೆ.

"ಇಲ್ಲ," ಎಂದೆ.

"ಕೆಲಸ ಬೇಡ ಅಂತ ನಾಳೆ ಹೇಳ್ತೇನೆ. ನಾನು ಬರ್ತೇನೆ. ಬೀಳುವಾಗ ಹತ್ತಿರ ಒಬ್ಬರು ಬೇಕಲ್ಲ."

ಆಗಲೂ ನನಗೆ ಅಳು ಬರಲಿಲ್ಲ. ಯಾವ ತಾರೀಖಿಗೆ ಎಂದು ಕೇಳಿದೆ. ಅವಳು ಹೇಳಿದಳು, ನಾನು ಬರೆದುಕೊಂಡೆ.